ಉಜ್ಜಿದಷ್ಟೂ ಮಂಕಾಗುವ ಮುಖ

ಫೇಸ್‌ವಾಶ್ ಹಚ್ಚಿ ಮುಖ ತೊಳೆದು, ಒರೆಸಿಕೊಂಡು, ಕೆನ್ನೆಯ ಮೇಲೆ ಬೆರಳು ಎಳೆದಾಗ ತೊಳೆದಿಟ್ಟ ಗಾಜಿನ ಲೋಟದಂತೆ ಕಿರ್ ಎಂದರೆ ಬಹಳ ಜನರಿಗೆ ಸಮಾಧಾನ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮೂಗಿನ ಪಕ್ಕ ಮತ್ತು ತುಟಿಯ ಸುತ್ತ ಚರ್ಮ ಬಿಗಿಯತೊಡಗುತ್ತದೆ, ನಕ್ಕರೆ ಎಳೆದು ಹಿಡಿದಂತಾಗುತ್ತದೆ. ಅದನ್ನೂ 'ಚರ್ಮ ಟೈಟ್ ಆಯಿತು' ಎಂದು ಮೆಚ್ಚಿಕೊಳ್ಳುವವರಿದ್ದಾರೆ. ವಾಸ್ತವದಲ್ಲಿ ಕೊಳೆಯ ಜೊತೆಗೆ ಚರ್ಮ ತನಗಾಗಿ ತಯಾರಿಸಿಟ್ಟುಕೊಂಡಿದ್ದ ಜಿಡ್ಡೂ ಕೊಚ್ಚಿಹೋಗಿ, ಒಳಗಿನ ನೀರಿನಂಶ ಬೇಗ ಬೇಗ ಆವಿಯಾಗಲು ಶುರುವಾಗಿರುತ್ತದೆ. ಸೌಂದರ್ಯದ ಆರೈಕೆಯ ಹೆಸರಿನಲ್ಲಿ ದಿನನಿತ್ಯ ಮುಖಕ್ಕೆ ಆಗುವ ಹಾನಿಯಲ್ಲಿ ಬಹುಪಾಲು ಇದೇ ಜಾತಿಯದು. ಕಿರ್ ಎನ್ನುವ ಸ್ವಚ್ಛತೆ, ಸೀರಮ್ ಹಚ್ಚಿದಾಗಿನ ಚುರುಚುರು, ಒಂದೇ ವಾರದಲ್ಲಿ ಕಾಣಿಸುವ ಬಿಳುಪು ಇವನ್ನೆಲ್ಲ ನಾವು ಫಲ ಸಿಕ್ಕಿದ ಗುರುತೆಂದು ಭಾವಿಸುತ್ತೇವೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅವು ಚರ್ಮ ಹೇಳುತ್ತಿರುವ ದೂರುಗಳು.

ಈ ದೂರು ಅರ್ಥವಾಗಬೇಕಾದರೆ ಸ್ಟ್ರೇಟಮ್ ಕಾರ್ನಿಯಮ್ ಎಂಬ ಪದರದ ಪರಿಚಯ ಬೇಕು. ಇದು ಚರ್ಮದ ಅತ್ಯಂತ ಹೊರಗಿನ ಪದರ. ಅಂಗೈ ಮತ್ತು ಅಂಗಾಲುಗಳನ್ನು ಬಿಟ್ಟರೆ ಇದರ ದಪ್ಪ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್ ಅಷ್ಟೇ, ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರನ್ನು ಐವತ್ತು ಪಾಲು ಮಾಡಿದರೆ ಬರುವ ಒಂದು ಪಾಲು. ಇದರಲ್ಲಿರುವುದು ಸತ್ತ ಜೀವಕೋಶಗಳ ಸಾಲುಗಳು. 'ಸತ್ತ' ಎಂಬ ಒಂದು ಪದವೇ ಜಾಹೀರಾತುಗಳಿಗೆ ದೊಡ್ಡ ಬಂಡವಾಳವಾಗಿದೆ, ಏಕೆಂದರೆ ಸತ್ತದ್ದನ್ನು ಕೆರೆದು ತೆಗೆಯಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಈ ಕೋಶಗಳು ಕಸವಲ್ಲ. ಅವು ಗೋಡೆಯ ಇಟ್ಟಿಗೆಗಳಿದ್ದಂತೆ, ಅವುಗಳ ನಡುವೆ ಗಾರೆಯಂತೆ ತುಂಬಿಕೊಂಡಿರುವುದು ಕೊಬ್ಬಿನ ಅಂಶ. ಈ ಗಾರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸೆರಮೈಡ್‌ಗಳು, ಕಾಲು ಭಾಗ ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲಗಳು. ಒಳಗಿನ ನೀರನ್ನು ಹಿಡಿದಿಡುವುದೂ ಹೊರಗಿನ ರಾಸಾಯನಿಕಗಳನ್ನು ತಡೆಯುವುದೂ ಈ ಗೋಡೆಯ ಕೆಲಸ. ಮುಖದ ಕಾಂತಿ ಎಂದು ನಾವು ಕರೆಯುವುದು ಕೂಡ ಬಹುಮಟ್ಟಿಗೆ ಇಲ್ಲಿಂದಲೇ ಬರುತ್ತದೆ: ನೀರಿನಂಶ ಉಳಿಸಿಕೊಂಡು ನಯವಾಗಿರುವ ಮೇಲ್ಮೈ ಬೆಳಕನ್ನು ಸಮವಾಗಿ ಪ್ರತಿಫಲಿಸುತ್ತದೆ, ಒಣಗಿ ಹೊಟ್ಟೆದ್ದ ಮೇಲ್ಮೈ ಅದೇ ಬೆಳಕನ್ನು ದಿಕ್ಕಾಪಾಲಾಗಿ ಚದುರಿಸಿ ಬೂದಿ ಬಳಿದಂತೆ ಕಾಣಿಸುತ್ತದೆ.

ಗೋಡೆಯ ಮೇಲ್ಮೈ ಸ್ವಲ್ಪ ಆಮ್ಲೀಯವೂ ಹೌದು. ಜರ್ಮನಿಯ ಹೈನ್ರಿಷ್ ಶಾಡೆ ಮತ್ತು ಆಲ್ಫ್ರೆಡ್ ಮಾರ್ಕಿಯೊನಿನಿ 1928ರಲ್ಲಿ ಇದಕ್ಕೆ 'ಆಮ್ಲದ ಹೊದಿಕೆ' ಎಂಬರ್ಥದ ಹೆಸರನ್ನೇ ಇಟ್ಟರು. ಆರೋಗ್ಯವಂತ ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 5ರ ಆಸುಪಾಸಿನಲ್ಲಿದ್ದರೆ, ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಅಂಕಿಗಳ ಅಂತರ ಚಿಕ್ಕದಾಗಿ ಕಂಡರೂ ಈ ಅಳತೆಯಲ್ಲಿ ಪ್ರತಿ ಹೆಜ್ಜೆಯೂ ಹತ್ತು ಪಟ್ಟಿನದು; 5ರಿಂದ 9ಕ್ಕೆ ಏರಿದರೆ ಆಮ್ಲೀಯತೆ ಹತ್ತು ಸಾವಿರ ಪಟ್ಟು ಇಳಿದಂತೆ. ಸೆರಮೈಡ್‌ಗಳನ್ನು ಸಿದ್ಧಪಡಿಸುವ ಕಿಣ್ವಗಳು ಆಮ್ಲೀಯ ವಾತಾವರಣದಲ್ಲಿ ಚುರುಕು, ಕೋಶಗಳ ನಡುವಿನ ಬೆಸುಗೆಯನ್ನು ಬಿಡಿಸುವ ಕಿಣ್ವಗಳು ಕ್ಷಾರೀಯ ವಾತಾವರಣದಲ್ಲಿ ಚುರುಕು. ಹೀಗಾಗಿ ಪದೇ ಪದೇ ಸೋಪು ತಾಗಿಸಿದ ಮುಖದಲ್ಲಿ ಕಟ್ಟುವ ಕೆಲಸ ನಿಧಾನವಾಗಿ, ಕೆಡವುವ ಕೆಲಸ ಬೇಗ ನಡೆಯುತ್ತದೆ. ಒಮ್ಮೆ ತೊಳೆದರೆ ಚರ್ಮ ಕೆಲವು ಗಂಟೆಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಆದರೆ ಜಿಡ್ಡಾಯಿತೆಂದು ದಿನಕ್ಕೆ ನಾಲ್ಕೈದು ಸಲ ತೊಳೆಯುವವರು, ಅದರಲ್ಲೂ ಬಿಸಿನೀರಿನಲ್ಲಿ ತೊಳೆಯುವವರು, ಆ ಬಿಡುವನ್ನೇ ಕೊಡುವುದಿಲ್ಲ. ಹೆಚ್ಚಿನವರಿಗೆ ದಿನಕ್ಕೆ ಎರಡು ಸಲ ಮತ್ತು ಬೆವರಿದ ಮೇಲೆ ಒಮ್ಮೆ, ಉಗುರು ಬೆಚ್ಚಗಿನ ನೀರು, ನೊರೆ ಕಡಿಮೆ ಬರುವ ಮೃದುವಾದ ಕ್ಲೆನ್ಸರ್ ಸಾಕು. ಬಿಸಿನೀರು ರಂಧ್ರಗಳನ್ನು ತೆರೆಯುತ್ತದೆ, ತಣ್ಣೀರು ಮುಚ್ಚುತ್ತದೆ ಎಂಬ ಮಾತಂತೂ ಶುದ್ಧ ಕಲ್ಪನೆ. ಚರ್ಮದ ರಂಧ್ರಗಳಿಗೆ ತೆರೆದು ಮುಚ್ಚುವ ಸ್ನಾಯುಗಳೇ ಇಲ್ಲ.

ಗೋಡೆ ಕೆಟ್ಟರೆ ಒಣಗುವುದು, ಉರಿಯುವುದು ಸರಿ. ಬಣ್ಣ ಏಕೆ ಕೆಡುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಮೇಲ್ಚರ್ಮದ ತಳದ ಸಾಲಿನಲ್ಲಿ ಮೆಲನೊಸೈಟ್ ಎಂಬ ಕೋಶಗಳಿವೆ. ಇವು ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ, ಕವಲೊಡೆದ ತೋಳುಗಳ ಮೂಲಕ ಸುತ್ತಲಿನ ಸುಮಾರು 36 ಕೋಶಗಳಿಗೆ ಹಂಚುತ್ತವೆ. ಅಚ್ಚ ಬಿಳಿಯ ಮೈಬಣ್ಣದವರಲ್ಲೂ ಕಡುಕಪ್ಪು ಮೈಬಣ್ಣದವರಲ್ಲೂ ಮೆಲನೊಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ವರ್ಣಕಣಗಳ ಗಾತ್ರ, ಪ್ರಮಾಣ ಮತ್ತು ಹಂಚಿಕೆಯಲ್ಲಿ. ಚರ್ಮದಲ್ಲಿ ಎಲ್ಲಿಯಾದರೂ ಉರಿಯೂತವಾದರೆ, ಅದು ಬಿಸಿಲಿನಿಂದಾಗಲಿ, ಮೊಡವೆಯಿಂದಾಗಲಿ, ಒರಟಾದ ಸ್ಕ್ರಬ್‌ನಿಂದಾಗಲಿ, ಅಲ್ಲಿ ಬಿಡುಗಡೆಯಾಗುವ ರಾಸಾಯನಿಕ ಸಂಕೇತಗಳು ಮೆಲನೊಸೈಟ್‌ಗಳನ್ನು ಕೆರಳಿಸುತ್ತವೆ. ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ವರ್ಣದ್ರವ್ಯ ಮೇಲ್ಚರ್ಮದಲ್ಲೇ ಇದ್ದರೆ ಕಲೆ ಕಂದು ಬಣ್ಣದ್ದಾಗಿದ್ದು ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ತಳದ ಸಾಲು ಹಾಳಾಗಿ ಅದು ಒಳಚರ್ಮಕ್ಕೆ ಸೋರಿದರೆ ಬೂದು-ನೀಲಿ ಛಾಯೆ ಪಡೆದು ವರ್ಷಗಟ್ಟಲೆ ನಿಲ್ಲುತ್ತದೆ. ಮೆಲನಿನ್ ಹೆಚ್ಚಿರುವ ಚರ್ಮದಲ್ಲಿ ಈ ಪ್ರತಿಕ್ರಿಯೆ ಇನ್ನೂ ಜೋರು. ಆದ್ದರಿಂದ ಬಣ್ಣ ತಿಳಿಯಾಗಲೆಂದು ಚರ್ಮವನ್ನು ಕೆರಳಿಸುವ ಯಾವ ವಿಧಾನವೂ ಕಂದು ಮತ್ತು ಕಪ್ಪು ಮೈಬಣ್ಣದವರಿಗೆ ಉಲ್ಟಾ ಹೊಡೆಯುವ ಸಾಧ್ಯತೆ ಹೆಚ್ಚು.

ಕೆರಳಿಸುವ ವಿಧಾನಗಳಲ್ಲಿ ಮೊದಲನೆಯದು ಉಜ್ಜುವಿಕೆ. ಗೋಡೆಯ ಹೊರಸಾಲಿನ ಕೋಶಗಳು ತಾವಾಗಿಯೇ ಉದುರುತ್ತವೆ. ತಳದಲ್ಲಿ ಹುಟ್ಟಿದ ಕೋಶವೊಂದು ಮೇಲೆ ಬಂದು ಉದುರಲು ಯೌವನದಲ್ಲಿ ಸುಮಾರು 28 ದಿನ, ವಯಸ್ಸಾದಂತೆ ಅದಕ್ಕಿಂತ ಹೆಚ್ಚು ಬೇಕು. ಈ ಗಡಿಯಾರವನ್ನು ತಳ್ಳಿ ಮುಂದೋಡಿಸುವುದೇ ಎಕ್ಸ್‌ಫೋಲಿಯೇಶನ್. ಜಪಾನಿನಲ್ಲಿ ನೈಲಾನ್ ಟವೆಲ್‌ನಿಂದ ವರ್ಷಗಟ್ಟಲೆ ಮೈ ಉಜ್ಜಿಕೊಂಡವರ ಭುಜ, ಬೆನ್ನು ಮತ್ತು ಕೊರಳೆಲುಬಿನ ಮೇಲೆ ಕಂದು ಪಟ್ಟೆಗಳು ಮೂಡಿದ್ದನ್ನು ವೈದ್ಯರು 1980ರ ದಶಕದಲ್ಲಿ ದಾಖಲಿಸಿದರು. ಎಲುಬು ಚರ್ಮಕ್ಕೆ ಹತ್ತಿರವಿದ್ದಲ್ಲಿ, ಅಂದರೆ ಉಜ್ಜಿದಾಗ ಒತ್ತಡ ಹೆಚ್ಚು ಬೀಳುವಲ್ಲೇ ಕಪ್ಪು ಹೆಚ್ಚು. ಕಪ್ಪು ಹೋಗಲೆಂದು ಅದನ್ನು ಮತ್ತಷ್ಟು ಉಜ್ಜಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈಚೆಗೆ ಒರಟು ಸ್ಕ್ರಬ್‌ಗಳ ಜಾಗಕ್ಕೆ ಗ್ಲೈಕೋಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್ ಆಮ್ಲಗಳು ಬಂದಿವೆ. ಇವು ಹಿತಮಿತವಾಗಿ ಬಳಸಿದರೆ ಒಳ್ಳೆಯ ಪದಾರ್ಥಗಳೇ. ತೊಂದರೆ ಇರುವುದು ಜೋಡಣೆಯಲ್ಲಿ. ಫೇಸ್‌ವಾಶ್‌ನಲ್ಲಿ ಸ್ಯಾಲಿಸಿಲಿಕ್, ಟೋನರಿನಲ್ಲಿ ಗ್ಲೈಕೋಲಿಕ್, ರಾತ್ರಿಯ ಸೀರಮ್‌ನಲ್ಲಿ ರೆಟಿನಾಲ್, ವಾರಾಂತ್ಯಕ್ಕೊಂದು ಪೀಲಿಂಗ್ ಮಾಸ್ಕ್. ಒಂದೊಂದು ಸೀಸೆಯೂ ಪ್ರತ್ಯೇಕವಾಗಿ ಸೌಮ್ಯ, ಆದರೆ ಚರ್ಮಕ್ಕೆ ಸಿಗುವುದು ಎಲ್ಲದರ ಮೊತ್ತ. ಒಂದು ಚಳಿಗಾಲದಲ್ಲಿ ನಾನೇ ಹೀಗೆ ಮಾಡಿಕೊಂಡೆ. ಮೂರನೇ ವಾರಕ್ಕೆ ಹಣೆ ಪ್ಲಾಸ್ಟಿಕ್ ಹಾಳೆಯಂತೆ ಮಿಂಚತೊಡಗಿತು, ನೋಡಿದವರು ಹೊಳಪು ಬಂದಿದೆ ಎಂದರು, ನಾನೂ ನಂಬಿದೆ. ನಾಲ್ಕನೇ ವಾರ ಬರೀ ನೀರು ತಾಗಿದರೂ ಉರಿ. ಗೆರೆಗಳಿಲ್ಲದ, ಮೇಣ ಸವರಿದಂಥ ಆ ಮಿಂಚು ಗೋಡೆ ಸವೆದು ತೆಳುವಾದ ಗುರುತೆಂದು ಆಮೇಲೆ ತಿಳಿಯಿತು. ಇದರ ಜೊತೆಗೆ ಗ್ಲೈಕೋಲಿಕ್ ಗುಂಪಿನ ಆಮ್ಲಗಳು ಬಿಸಿಲಿನ ಸುಡುವಿಕೆಗೆ ಚರ್ಮವನ್ನು ಹೆಚ್ಚು ಈಡಾಗಿಸುತ್ತವೆ. ಈ ಕಾರಣಕ್ಕೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2005ರಲ್ಲಿ, ಬಳಸುವಾಗ ಮತ್ತು ನಿಲ್ಲಿಸಿದ ಮೇಲೂ ಒಂದು ವಾರ ಸನ್‌ಸ್ಕ್ರೀನ್ ಹಚ್ಚಬೇಕೆಂಬ ಎಚ್ಚರಿಕೆಯನ್ನು ಲೇಬಲ್‌ನಲ್ಲಿ ಮುದ್ರಿಸುವಂತೆ ತಯಾರಕರಿಗೆ ಸಲಹೆ ನೀಡಿತು. ರೆಟಿನಾಲ್ ಸೇರಿರುವ ರೆಟಿನಾಯ್ಡ್ ಗುಂಪಿನದ್ದೂ ಇಂಥದ್ದೇ ಕಥೆ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡು ಮೂರು ರಾತ್ರಿ ಎಂದು ಆರಂಭಿಸಬೇಕಾದುದನ್ನು ಮೊದಲ ದಿನವೇ ಧಾರಾಳವಾಗಿ ಬಳಿದುಕೊಂಡರೆ ಸಿಗುವುದು ಸಿಪ್ಪೆ ಏಳುವ ಕೆಂಪು ಮುಖ. ಗರ್ಭಿಣಿಯರು ಇವನ್ನು ಬಳಸಬಾರದು.

ಮೊಡವೆ ಹಿಸುಕುವ ಚಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಮಾಡುವ ಕೆಲಸವದು. ಹಿಸುಕಿದಾಗ ಹೊರಬಂದದ್ದು ಕಣ್ಣಿಗೆ ಕಾಣುತ್ತದೆ. ಕೂದಲು ಹುಟ್ಟುವ ಚೀಲದ ಗೋಡೆ ಒಡೆದು ಒಳಚರ್ಮಕ್ಕೆ ನುಗ್ಗಿದ್ದು ಕಾಣುವುದಿಲ್ಲ. ವಾರದಲ್ಲಿ ಆರಿಹೋಗಬಹುದಾಗಿದ್ದ ಗುಳ್ಳೆ ಇದರಿಂದ ತಿಂಗಳುಗಟ್ಟಲೆ ಉಳಿಯುವ ಕಲೆಯಾಗಿ, ಕೆಲವೊಮ್ಮೆ ಹಳ್ಳವಾಗಿ ನಿಲ್ಲುತ್ತದೆ.

ಸನ್‌ಸ್ಕ್ರೀನ್ ಹಚ್ಚದಿರುವುದು ತಪ್ಪೆಂದು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಹಚ್ಚಿಯೂ ಹಚ್ಚದಂತಿರುವುದು ಅದಕ್ಕಿಂತ ವ್ಯಾಪಕವಾದ ತಪ್ಪು. ಸೀಸೆಯ ಮೇಲಿನ ಎಸ್‌ಪಿಎಫ್ ಅಂಕಿಯನ್ನು, ಅಂದರೆ ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆಯನ್ನು, ಪ್ರಯೋಗಾಲಯದಲ್ಲಿ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಜನ ನಿತ್ಯ ಹಚ್ಚುವುದು ಸಾಮಾನ್ಯವಾಗಿ ಇದರ ಕಾಲು ಭಾಗದಿಂದ ಅರ್ಧದಷ್ಟು, ಆದ್ದರಿಂದ 50 ಎಂದು ಬರೆದ ಸನ್‌ಸ್ಕ್ರೀನಿನಿಂದ ಆ 50ರ ರಕ್ಷಣೆ ಅವರಿಗೆ ಸಿಗುವುದೇ ಇಲ್ಲ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಬರುವಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಪೌಡರಿನಲ್ಲೋ ಫೌಂಡೇಶನ್‌ನಲ್ಲೋ ಎಸ್‌ಪಿಎಫ್ ಇದೆಯೆಂದು ನೆಮ್ಮದಿಯಿಂದಿರುವವರು ಅಷ್ಟು ದಪ್ಪಕ್ಕೆ ಪೌಡರ್ ಬಳಿದುಕೊಳ್ಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಎಸ್‌ಪಿಎಫ್ ಮುಖ್ಯವಾಗಿ ಅಳೆಯುವುದು ಚರ್ಮವನ್ನು ಸುಟ್ಟು ಕೆಂಪಾಗಿಸುವ ಯುವಿ-ಬಿ ಕಿರಣಗಳಿಂದ ಸಿಗುವ ರಕ್ಷಣೆಯನ್ನು. ಸುಡದೆ, ಸದ್ದಿಲ್ಲದೆ ಒಳಚರ್ಮದವರೆಗೆ ಇಳಿಯುವ ಯುವಿ-ಎ ಕಿರಣಗಳು ಸಾಮಾನ್ಯ ಕಿಟಕಿ ಗಾಜನ್ನೂ ದಾಟುತ್ತವೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಒಂದು ಛಾಯಾಚಿತ್ರ ಇದಕ್ಕೆ ಕಣ್ಣಿಗೆ ರಾಚುವ ಸಾಕ್ಷಿ. ಅದರಲ್ಲಿರುವುದು 28 ವರ್ಷ ಸರಕು ಸಾಗಣೆಯ ಟ್ರಕ್ ಓಡಿಸಿದ, 69 ವಯಸ್ಸಿನ ಒಬ್ಬ ವ್ಯಕ್ತಿ. ಕಿಟಕಿಯ ಕಡೆಗಿದ್ದ ಎಡಗೆನ್ನೆ ಆಳವಾಗಿ ಸುಕ್ಕುಗಟ್ಟಿ ಜೋತುಬಿದ್ದಿದೆ, ಬಲಗೆನ್ನೆ ಹೆಚ್ಚು ಬದಲಾಗಿಲ್ಲ. ಒಂದೇ ಮುಖ, ಒಂದೇ ವಯಸ್ಸು, ನಡುವೆ ಮೂಗಿನ ಗೆರೆ. ಆದ್ದರಿಂದ 'ಬ್ರಾಡ್ ಸ್ಪೆಕ್ಟ್ರಮ್' ಎಂದು ಬರೆದಿರುವ ಸನ್‌ಸ್ಕ್ರೀನನ್ನೇ ಆರಿಸಬೇಕು, ಕಿಟಕಿಯ ಪಕ್ಕ ಕುಳಿತು ಕೆಲಸ ಮಾಡುವವರೂ ಹಚ್ಚಬೇಕು. ಮೆಲನಿನ್ ಹೆಚ್ಚಿರುವ ಚರ್ಮವನ್ನು, ವಿಶೇಷವಾಗಿ ಬಂಗು ಇರುವವರ ಚರ್ಮವನ್ನು, ಕಣ್ಣಿಗೆ ಕಾಣುವ ಬೆಳಕು ಕೂಡ ಕಪ್ಪಾಗಿಸಬಲ್ಲದು; ಇದನ್ನು ತಡೆಯಲು ಕಬ್ಬಿಣದ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್‌ಗಳು ಬಿಳಿಯ ಸನ್‌ಸ್ಕ್ರೀನ್‌ಗಳಿಗಿಂತ ಉತ್ತಮ.

ಇಲ್ಲಿಯವರೆಗಿನ ಹಾನಿಗಳಲ್ಲಿ ಹಲವು ನಿಲ್ಲಿಸಿದರೆ ಹೆಚ್ಚುಕಡಿಮೆ ಸರಿಹೋಗುವಂಥವು. ಬಿಳಿಚಿಸುವ ಕ್ರೀಮುಗಳದ್ದು ಹಾಗಲ್ಲ, ಇವುಗಳ ಬಗ್ಗೆ ತುಸು ನಿಂತು ನೋಡಬೇಕು. ಇಂಥ ಅನೇಕ ಕ್ರೀಮುಗಳಲ್ಲಿರುವುದು ಉರಿಯೂತ ಅಡಗಿಸುವ ಸ್ಟಿರಾಯ್ಡ್ ಎಂಬ ಔಷಧ. ಚರ್ಮದ ಮೇಲೆ ಹಚ್ಚುವ ಸ್ಟಿರಾಯ್ಡ್ ವೈದ್ಯಕ್ಕೆ ಬಂದದ್ದು 1952ರಲ್ಲಿ. ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಎಕ್ಸಿಮಾಗೆ ಹೈಡ್ರೊಕಾರ್ಟಿಸೋನ್ ಹಚ್ಚಿ ಗುಣ ಕಂಡರು. ಹತ್ತು ವರ್ಷಗಳ ನಂತರ ಮೆಕೆಂಝಿ ಮತ್ತು ಸ್ಟೌಟನ್ ಈ ಔಷಧಗಳ ಬಲವನ್ನು ಅಳೆಯಲು ಒಂದು ಸರಳ ವಿಧಾನ ರೂಪಿಸಿದರು: ಆರೋಗ್ಯವಂತರ ಚರ್ಮಕ್ಕೆ ಹಚ್ಚಿ ಅದು ಎಷ್ಟು ಬಿಳಿಚಿಕೊಳ್ಳುತ್ತದೆ ಎಂದು ನೋಡುವುದು. ಸ್ಟಿರಾಯ್ಡ್ ತಾಗಿದ ಕಡೆ ರಕ್ತನಾಳಗಳು ಸಂಕೋಚಗೊಳ್ಳುವುದರಿಂದ ಹೀಗಾಗುತ್ತದೆ. ಯಾವುದೋ ಕ್ರೀಮು ಹಚ್ಚಿದ ವಾರದೊಳಗೆ ಮುಖ ಬೆಳ್ಳಗಾಯಿತು, ಮೊಡವೆಗಳೂ ಮಾಯವಾದವು ಎಂದರೆ ಅದರೊಳಗೆ ಸ್ಟಿರಾಯ್ಡ್ ಇದೆಯೇ ಎಂದು ಮೊದಲು ಅನುಮಾನಿಸಬೇಕಾದದ್ದು ಈ ಕಾರಣಕ್ಕೆ. 28 ದಿನದ ಗಡಿಯಾರವಿರುವ ಚರ್ಮ ಏಳು ದಿನದಲ್ಲಿ ನ್ಯಾಯವಾಗಿ ಬಣ್ಣ ಬದಲಿಸಲಾರದು.

1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಕಪ್ಪು ಕಲೆಗಳಿಗೆ ಒಂದು ಮಿಶ್ರಣವನ್ನು ಪ್ರಕಟಿಸಿದರು: ಶೇ. 5 ಹೈಡ್ರೊಕ್ವಿನೋನ್, ಶೇ. 0.1 ಟ್ರೆಟಿನಾಯಿನ್, ಶೇ. 0.1 ಡೆಕ್ಸಾಮೆಥಾಸೋನ್. ಮೊದಲನೆಯದು ಮೆಲನಿನ್ ತಯಾರಿಕೆಯನ್ನು ತಡೆದರೆ, ಎರಡನೆಯದು ಕೋಶಗಳ ಉದುರುವಿಕೆಯನ್ನು ಚುರುಕುಗೊಳಿಸುತ್ತದೆ, ಮೂರನೆಯದಾದ ಸ್ಟಿರಾಯ್ಡ್ ಇವೆರಡರಿಂದಾಗುವ ಕಿರಿಕಿರಿಯನ್ನು ತಗ್ಗಿಸುತ್ತದೆ. ಇದೇ ಮಾದರಿಯ ಔಷಧಗಳನ್ನು ಬಂಗಿಗೆ ವೈದ್ಯರು ಇಂದಿಗೂ ಕೆಲವು ವಾರಗಳ ಮಟ್ಟಿಗೆ ಬರೆಯುತ್ತಾರೆ. ಅನಾಹುತವಾಗುವುದು ಆ ಟ್ಯೂಬು ನೆಂಟರಿಷ್ಟರ ಕೈಗೆ ದಾಟಿ, 'ಬೆಳ್ಳಗಾಗುವ ಕ್ರೀಮು' ಎಂಬ ಹೆಸರು ಪಡೆದು, ವರ್ಷಗಟ್ಟಲೆ ದಿನಾ ರಾತ್ರಿಯ ಕ್ರೀಮಾದಾಗ. ಸ್ಟಿರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಕೆನ್ನೆಯಲ್ಲಿ ಕೆಂಪು ನಾಳಗಳು ಬಲೆಯಂತೆ ಮೇಲೆದ್ದು ಕಾಣುತ್ತವೆ, ಮುಖದಲ್ಲಿ ರೋಮ ಹೆಚ್ಚುತ್ತದೆ, ಸಣ್ಣ ಸಣ್ಣ ಗುಳ್ಳೆಗಳು ಒಟ್ಟಿಗೆ ಏಳುತ್ತವೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅಮುಕಿಟ್ಟಿದ್ದ ಉರಿಯೂತವೆಲ್ಲ ಒಮ್ಮೆಗೇ ಭುಗಿಲೆದ್ದು ಮುಖ ಕೆಂಡದಂತೆ ಉರಿಯುವುದರಿಂದ, ಜನ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಟ್ಯೂಬಿನ ಹಿಂಬದಿಯಲ್ಲಿ ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್ ಎಂಬ ಹೆಸರುಗಳಲ್ಲಿ ಒಂದು ಕಂಡರೂ ಅದು ಸ್ಟಿರಾಯ್ಡ್. ಹೈಡ್ರೊಕ್ವಿನೋನನ್ನು ಮಿತಿಮೀರಿ ಬಳಸಿದವರಿಗೆ ಓಕ್ರೊನೋಸಿಸ್ ಎಂಬ ಸ್ಥಿತಿ ಬರಬಹುದು. ಬಿಳುಪಿಗಾಗಿ ಹಚ್ಚಿದ ಕಡೆಯೇ ನೀಲಿ ಮಿಶ್ರಿತ ಕಪ್ಪು ಕವಿಯುವ ಇದು ಬಹಳ ಮೊಂಡು ಕಾಯಿಲೆ.

ಪಾದರಸದ ವಿಷಯ ಇನ್ನೂ ಗಂಭೀರ. ಪಾದರಸದ ಲವಣಗಳು ಮೆಲನಿನ್ ತಯಾರಿಸುವ ಕಿಣ್ವವನ್ನು ತಡೆಯುವುದು ನಿಜ, ಆದರೆ ಅವು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡ ಮತ್ತು ನರಗಳಿಗೆ ಹಾನಿ ಮಾಡುತ್ತವೆ. 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಮಿನಾಮಾಟಾ ಒಪ್ಪಂದವು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚು ಪಾದರಸವಿರುವ ಸೌಂದರ್ಯವರ್ಧಕಗಳಿಗೆ 2020ರ ಗಡುವು ಹಾಕಿತ್ತು. ಹಾಗಿದ್ದೂ ಕಳ್ಳದಾರಿಯಲ್ಲಿ ಅವು ಮಾರಾಟವಾಗುತ್ತಲೇ ಇವೆ. ಪದಾರ್ಥಗಳ ಪಟ್ಟಿಯೇ ಇಲ್ಲದ ಡಬ್ಬಿ, 'ಕ್ಯಾಲೊಮೆಲ್' ಅಥವಾ 'ಮರ್ಕ್ಯುರಿಕ್' ಎಂಬ ಪದ, ಚಿನ್ನ-ಬೆಳ್ಳಿಯ ಒಡವೆಗೆ ತಾಗಿಸಬೇಡಿ ಎಂಬ ವಿಚಿತ್ರ ಸೂಚನೆ ಇವುಗಳಲ್ಲಿ ಯಾವುದಿದ್ದರೂ ಆ ಕ್ರೀಮನ್ನು ಮುಟ್ಟಬಾರದು.

ರಾಸಾಯನಿಕಗಳಿಗೆ ಹೆದರಿದವರು ನಿಸರ್ಗದ ಕಡೆ ತಿರುಗುತ್ತಾರೆ. ನಿಂಬೆರಸವೂ ನೈಸರ್ಗಿಕವೇ, ಅದರ ಪಿಎಚ್ ಸುಮಾರು 2. ಆಮ್ಲದ ಉರಿಯಷ್ಟೇ ಅಲ್ಲ, ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆ ಮತ್ತು ರಸದಲ್ಲಿರುವ ಫ್ಯೂರೊಕೂಮರಿನ್‌ಗಳು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಬೊಬ್ಬೆಯಂಥ ಗಾಯವಾಗಿ, ರಸ ಹರಿದ ಜಾಡಿನಲ್ಲೇ ಕಪ್ಪು ಗೆರೆ ಉಳಿಯುತ್ತದೆ. ಅಡುಗೆ ಸೋಡಾ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಕ್ಷಾರದಿಂದ, ಅದೇ ಗೋಡೆಯನ್ನು ಕೆಡಿಸುತ್ತದೆ.

ಸುಗಂಧಗಳು ಮತ್ತು ಸಂರಕ್ಷಕಗಳು ಅಲರ್ಜಿಯ ದೊಡ್ಡ ಮೂಲ. ಮೀಥೈಲ್‌ಐಸೊಥಯಜೊಲಿನೋನ್ ಎಂಬ ಸಂರಕ್ಷಕವನ್ನು ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು. ಅಲರ್ಜಿ ಎಂದರೆ ತುರಿಕೆ ಇರಲೇಬೇಕೆಂದಿಲ್ಲ ಎಂಬುದು ಬಹಳ ಜನರಿಗೆ ತಿಳಿಯದ ವಿಷಯ. 1917ರಲ್ಲಿ ವಿಯೆನ್ನಾದ ವೈದ್ಯ ಗುಸ್ತಾವ್ ರೀಲ್ ವರ್ಣಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಮೆಲನೋಸಿಸ್‌ನಲ್ಲಿ ಮುಖ ಮತ್ತು ಕುತ್ತಿಗೆ ನಿಧಾನವಾಗಿ ಬೂದುಗಪ್ಪಾಗುತ್ತವೆ. ಇಂದು ಕಾಣುವ ಇಂಥ ಪ್ರಕರಣಗಳಲ್ಲಿ ಅನೇಕವುಗಳ ಹಿಂದೆ ಸುಗಂಧ, ಬಣ್ಣ ಅಥವಾ ಕೂದಲ ಬಣ್ಣದ ಅಲರ್ಜಿ ಇರುತ್ತದೆ. ಹೊಸದೇನನ್ನೇ ತಂದರೂ ಮುಂಗೈಯ ಒಳಭಾಗದಲ್ಲಿ ನಾಣ್ಯದಗಲ ಹಚ್ಚಿ ಒಂದು ವಾರ ನೋಡಿ, ಆಮೇಲೆ ಮುಖಕ್ಕೆ ತರುವುದು ಜಾಣತನ. ಮೇಕಪ್ ಬ್ರಷ್‌ಗಳನ್ನು ವಾರಕ್ಕೊಮ್ಮೆ ತೊಳೆಯುವುದು, ಮಸ್ಕಾರಾವನ್ನು ಮೂರು ತಿಂಗಳಿಗೆ ಬಿಸಾಡುವುದು, ಮೇಕಪ್ ತೆಗೆಯದೆ ಮಲಗದಿರುವುದು, ಕಂದು ಬಣ್ಣಕ್ಕೆ ತಿರುಗಿದ ವಿಟಮಿನ್ ಸಿ ಸೀರಮನ್ನು ಹಚ್ಚದಿರುವುದು ಇವು ಸಣ್ಣ ಸಂಗತಿಗಳಾದರೂ ಪಾಲಿಸುವವರು ಕಡಿಮೆ.

ಈಗಾಗಲೇ ಮುಖ ಕೆಟ್ಟಿದ್ದರೆ ಮಾಡಬೇಕಾದ ಮೊದಲ ಕೆಲಸ ಇನ್ನೊಂದು ಸೀಸೆ ಕೊಳ್ಳುವುದಲ್ಲ. ಆಮ್ಲ, ರೆಟಿನಾಲ್, ಸ್ಕ್ರಬ್, ಸುಗಂಧ ಎಲ್ಲವನ್ನೂ ಬದಿಗಿಟ್ಟು, ಮೃದುವಾದ ಕ್ಲೆನ್ಸರ್, ಸೆರಮೈಡ್ ಅಥವಾ ಗ್ಲಿಸರಿನ್ ಇರುವ ಸಾದಾ ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್ ಇಷ್ಟರಲ್ಲೇ ಒಂದು ತಿಂಗಳು ಕಳೆಯಬೇಕು. ಮಾಯಿಶ್ಚರೈಸರನ್ನು ಮುಖ ಪೂರ್ತಿ ಒಣಗುವ ಮುನ್ನ, ಇನ್ನೂ ತುಸು ತೇವವಿರುವಾಗಲೇ ಹಚ್ಚಿದರೆ ನೀರು ಉಳಿಯುತ್ತದೆ. ಸ್ಟಿರಾಯ್ಡ್ ಬಳಸಿದವರು ಮಾತ್ರ ಇದನ್ನು ತಾವಾಗಿಯೇ ಮಾಡಲು ಹೋಗದೆ ಚರ್ಮವೈದ್ಯರ ನಿಗಾದಲ್ಲೇ ಬಿಡಿಸಿಕೊಳ್ಳಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಉಳಿದವರಲ್ಲಿ ಕಲೆಗಳು ತಿಳಿಯಾಗುವುದಕ್ಕೆ ಬಹಳ ಮೊದಲೇ ಇನ್ನೊಂದು ಬದಲಾವಣೆ ಕಾಣಿಸುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಮಾಯಿಶ್ಚರೈಸರ್ ಸವರಿಕೊಳ್ಳುವಾಗ ಮೂಗಿನ ಪಕ್ಕದಲ್ಲಿ ಎಂದಿನ ಚುರುಚುರು ಇರುವುದಿಲ್ಲ. ಕನ್ನಡಿಯಲ್ಲಿ ಆಗಿನ್ನೂ ಏನೂ ಬದಲಾಗಿರುವುದಿಲ್ಲ.